ಮನೆಯಲ್ಲಿಲ್ಲ

ಸೆಂಗಾ ಮೊದಲು ಕಲಿಸಿದ್ದು ಸಟ್ಟುಗ ಹಿಡಿಯುವುದನ್ನು.
ಅಡುಗೆಗಲ್ಲ.
ಬಾಗಿಲಲ್ಲಿ ಟಪಾಲಿಗೆಂದು ಬಿಟ್ಟ ಸೀಳಿಗೆ ಬೆರಳು ತೂರಿಸಿದರೆ
ಆ ಕಡೆ ನಾಯಿ ಕಾದಿರುತ್ತದಂತೆ.
ಕರಪತ್ರ ಸಟ್ಟುಗಕ್ಕೆ ಸುತ್ತಿ ಒಳಗೆ ತಳ್ಳು,
ಬೆರಳು ನಿನಗೇ ಇರಲಿ, ಎಂದಳು.
ಅವಳ ತೋರುಬೆರಳಲ್ಲೊಂದು ಹಳೆಯ ಕಲೆ,
ಮೂರು ಚುನಾವಣೆ ಹಿಂದಿನದು.
ಕಚ್ಚಿದ ನಾಯಿ ಯಾವ ಪಕ್ಷದ್ದೋ ತಿಳಿಯಲಿಲ್ಲವಂತೆ.

ಅದಕ್ಕೂ ಮೊದಲು, ಮಾರ್ಚಿಯ ಒಂದು ಸಂಜೆ,
ಅವಳೇ ನನ್ನ ಬಾಗಿಲು ಬಡಿದಿದ್ದಳು.
ಕೈಯಲ್ಲಿ ಪಟ್ಟಿ. ಪಟ್ಟಿಯಲ್ಲಿ ನನ್ನ ಹೆಸರು,
ಅಬ್ರೆಹೆತ್ ಎಂದು ಕೂಗಿದಳು, ಒಂದಕ್ಷರ ತಪ್ಪಾಗಿ.
ದೀಪ ಆರಿಸಿದೆ. ಮಗಳ ಬಾಯಿಗೆ ಕೈ ಅಡ್ಡ ಹಿಡಿದು
ಗೋಡೆಗೊರಗಿ ಕೂತೆ.

ಕೆರೆನ್‌ನಲ್ಲಿ ಪಟ್ಟಿ ಹಿಡಿದು ಬರುವವರು
ಎರಡನೇ ಸಲ ಬಡಿಯುವುದು ಬೂಟುಗಾಲಲ್ಲಿ.
"ಮನೆಯಲ್ಲಿಲ್ಲ" ಎಂದಿದ್ದಳು ಅಮ್ಮ,
ಅಣ್ಣ ಹಿತ್ತಲ ನೀರಿನ ಡ್ರಮ್ಮಿನಲ್ಲಿ
ಮಂಡಿ ಮಡಚಿ ಕೂತಿದ್ದಾಗ.
ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ.
ಡ್ರಮ್ಮು ಸಿಕ್ಕಿತು.
ಹದಿನೇಳು ವರ್ಷವಾಯಿತು,
ಅವನ ಸೈನ್ಯದ ಸೇವೆ ಇನ್ನೂ ಮುಗಿದಿಲ್ಲ.

ಸೆಂಗಾ ಎರಡನೇ ಸಲ ಬಡಿಯಲಿಲ್ಲ.
ಸೀಳಿನಿಂದ ಒಂದು ಚೀಟಿ ಬಿತ್ತು:
ನಿಮ್ಮ ಗೋಡೆಗೂ ಬೂಷ್ಟು ಹಿಡಿದಿದೆಯೇ?

ಹಿಡಿದಿತ್ತು. ಕಿಟಕಿಯ ಮೂಲೆಯಿಂದ ಮಗಳ ಹಾಸಿಗೆವರೆಗೆ
ಕಪ್ಪಗೆ, ಯಾರೂ ಬರೆಯದ ಭೂಪಟದಂತೆ.
ಡಂಡೀಗೆ ಬಂದು ಆರು ವರ್ಷ,
ಆಸ್ಪತ್ರೆಯ ಧೋಬಿಖಾನೆಯಲ್ಲಿ ರಾತ್ರಿಪಾಳಿ,
ಊರವರ ಹಾಸುಹೊದಿಕೆಯೆಲ್ಲ ಬಿಳುಪು ಮಾಡಿದ್ದೇನೆ;
ನನ್ನ ಗೋಡೆಯ ಸಂಗತಿ ಕೇಳಿದವರು ಇವಳೊಬ್ಬಳೇ.

ಭಾನುವಾರ ಕರೆದೆ. ಕಾಫಿಬೀಜ ಹುರಿದೆ.
ಮೊದಲ ಸುತ್ತು ಕುಡಿದು ಎದ್ದುಬಿಟ್ಟಳು,
ಕೋಟು ಹಿಡಿದು ಜಗ್ಗಿ ಕೂರಿಸಿದೆ.
ಎರಡನೇ ಸುತ್ತಿಗೆ ನಗರಸಭೆಗೊಂದು ಅರ್ಜಿ ತಯಾರಾಯಿತು.
ಮೂರನೆಯದಕ್ಕೆ ನಮ್ಮಲ್ಲಿ ಆಶೀರ್ವಾದ ಎನ್ನುತ್ತಾರೆ.
ಆಗ ಹೇಳಿದಳು: ಇಲ್ಲಿ ನಿನಗೂ ಮತವಿದೆ.

ಮೂವತ್ತೆಂಟರ ಹೆಂಗಸು ನಾನು,
ಮತಪತ್ರ ಎಂಬುದನ್ನು ಕಣ್ಣಲ್ಲಿ ಕಂಡಿಲ್ಲ.
ಹೇಗೆ ಗುರುತು ಹಾಕುವುದು?
ಪೆನ್ಸಿಲ್ಲಲ್ಲಿ, ಒಂದು, ಎರಡು, ಮೂರು ಎಂದು.
ಪೆನ್ಸಿಲ್ಲೇ? ಅಳಿಸಿಬಿಟ್ಟರೆ?
ಸೆಂಗಾ ನಕ್ಕಳು. ಆಮೇಲೆ ನಗಲಿಲ್ಲ.

ಪಕ್ಷದ ಸಭೆ ಎಂದರೆ ಒಂದು ತಣ್ಣನೆ ಕೋಣೆ,
ಒಂಬತ್ತು ಜನ, ಒಂದು ತಟ್ಟೆ ಬಿಸ್ಕತ್ತು.
ಜೆರಾಕ್ಸ್ ಯಂತ್ರದ ರಿಪೇರಿಗೆ ನಲವತ್ತು ನಿಮಿಷ ಜಗಳ.
ನನ್ನೂರಲ್ಲಿ ಇರುವುದೊಂದೇ ಪಕ್ಷ,
ಸೇರುತ್ತೀಯಾ ಎಂದು ಯಾರೂ ಕೇಳುವುದಿಲ್ಲ.
ಇಲ್ಲೊಬ್ಬ ಹುಡುಗ ಅಧ್ಯಕ್ಷರ ಮುಖಕ್ಕೇ
"ನೀವು ಹೇಳುವುದು ಶುದ್ಧ ತಪ್ಪು" ಅಂದ.
ಉಸಿರು ಬಿಗಿಹಿಡಿದು ಬಾಗಿಲ ಕಡೆ ನೋಡಿದೆ.
ಯಾರೂ ಬರಲಿಲ್ಲ.
ಅಧ್ಯಕ್ಷರು "ಮುಂದಿನ ವಿಷಯ" ಎಂದರು.

ಆ ಸಲ ನಲವತ್ತಾರು ಮತಕ್ಕೆ ಸೋತೆವು.
ಸೆಂಗಾ ಕಾರಿನಲ್ಲಿ ಕೂತು ಅತ್ತಳು.
ಮರುದಿನ ಗೆದ್ದವನೂ ಸೋತವಳೂ ಒಂದೇ ಅಂಗಡಿಯಲ್ಲಿ
ಹಾಲು ಕೊಳ್ಳುತ್ತಿದ್ದುದನ್ನು ನಾನೇ ಕಂಡೆ,
ಕೆಲಸ ಮುಗಿಸಿ ಬರುವಾಗ.
ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ನಂಬಲಿಲ್ಲ.
ಕಿಟಕಿ ಬದಲಾಯಿತು. ಗೋಡೆ ಇನ್ನೂ ಒಣಗುತ್ತಿದೆ.

ಈಗ ಮತ್ತೆ ಚುನಾವಣೆ. ಸೆಂಗಾಳ ಮಂಡಿ ಸೋತಿದೆ,
ಮೆಟ್ಟಿಲೆಲ್ಲ ನನ್ನ ಪಾಲಿಗೆ.
ಹಿಲ್‌ಟೌನಿನ ಒಂಬತ್ತನೇ ಮಹಡಿ,
ಟೇ ನದಿಯ ಗಾಳಿ ಓಣಿಯೊಳಕ್ಕೂ ನುಗ್ಗುತ್ತದೆ.
ನನ್ನ ಕೈಯಲ್ಲಿ ಪಟ್ಟಿ. ಪಟ್ಟಿಯಲ್ಲಿ ಯಾರದೋ ಹೆಸರು,
ಹೇಗೆ ಉಚ್ಚರಿಸಿದರೂ ತಪ್ಪಾಗುವಂಥದ್ದು.
ಬಡಿದೆ.
ಬಾಗಿಲಡಿಯ ಬೆಳಕು ಆರಿತು.
ಒಳಗೊಂದು ಮಗುವಿನ ಕೆಮ್ಮು,
ಅರ್ಧಕ್ಕೇ ತುಂಡಾಯಿತು.

ಸಟ್ಟುಗದಲ್ಲಿ ಮೆತ್ತಗೆ ಚೀಟಿ ತಳ್ಳಿದೆ.
ಎರಡು ಹೆಜ್ಜೆ ಹಿಂದೆ ಸರಿದು,
ಬಾಗಿಲ ಕಣ್ಣಿಗೆ ನಾನು ಪೂರ್ತಿ ಕಾಣುವಂತೆ
ದೀಪದಡಿ ಸ್ವಲ್ಪ ಹೊತ್ತು ನಿಂತೆ,
ಬೂಟಲ್ಲ, ಸವೆದ ಕ್ಯಾನ್ವಾಸ್ ಷೂ ಎಂದು ಕಾಣಲಿ.

ಪಟ್ಟಿಯಲ್ಲಿ ಆ ಹೆಸರಿನ ಮುಂದೆ ನಾಲ್ಕು ಚೌಕ:
ನಮ್ಮವರು, ಅವರವರು, ನಿರ್ಧರಿಸಿಲ್ಲ.
ನಾಲ್ಕನೆಯದಕ್ಕೆ ಗುರುತು ಹಾಕಿದೆ, ಪೆನ್ಸಿಲ್ಲಲ್ಲೇ,
ಅಮ್ಮ ಹೇಳಿದ ಮಾತನ್ನೇ.